ಮಿಕ್ಕದ್ದರ ಮಹಿಮೆ

ಹಬ್ಬದ ವಿಷಯವಾಗಿ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಹಬ್ಬದ ಮಾರನೆಯ ದಿನದ ವಿಷಯವಾಗಿ ಬರೆದವರು ಕಡಮೆ. ಅದು ನ್ಯಾಯವೇ. ಆ ದಿನಕ್ಕೆ ಬರೆಸಿಕೊಳ್ಳುವಂಥ ಮುಖವಿರುವುದಿಲ್ಲ. ಬಾಗಿಲ ತೋರಣದ ಮಾವಿನೆಲೆ ಸುರುಟಿಕೊಂಡಿರುತ್ತದೆ. ಹೊಸ ಬಟ್ಟೆ ಒಗೆಯುವ ಬುಟ್ಟಿಗೆ ಬಿದ್ದಿರುತ್ತದೆ. ಮನೆಯ ಯಜಮಾನನ ಹೊಟ್ಟೆ ನಿನ್ನೆಯ ಲೆಕ್ಕವನ್ನು ಇನ್ನೂ ಚುಕ್ತಾ ಮಾಡಿರುವುದಿಲ್ಲ. ಅಡಿಗೆಮನೆಗೆ ಕಾಲಿಟ್ಟರೆ ದೊಡ್ಡ ಡಬ್ಬಿ, ಚಿಕ್ಕ ಡಬ್ಬಿ, ತಟ್ಟೆ ಮುಚ್ಚಿದ ಪಾತ್ರೆ ಎಲ್ಲವೂ ಸಾಲಾಗಿ ಕುಳಿತು “ನಮ್ಮ ಗತಿಯೇನು?” ಎಂದು ಕೇಳುತ್ತಿರುತ್ತವೆ. ಉತ್ತರ ಹೇಳುವ ಧೈರ್ಯವಿಲ್ಲದ ಗೃಹಸ್ಥ ಹೊರಗೆ ಬಂದು ಪತ್ರಿಕೆ ಹಿಡಿಯುತ್ತಾನೆ. ನಾನಂತೂ ಇಷ್ಟು ವರ್ಷ ಮಾಡಿದ್ದು ಅದನ್ನೇ.

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಿದ್ದಿತ್ತು. ಮುಲುಂಡಿನ ನಮ್ಮ ಮನೆಗೆ ಪುಣೆಯಿಂದ ನನ್ನ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಬರುವುದೆಂದು ಗೊತ್ತಾಗಿತ್ತು. ನಾವು ನಾಲ್ವರು, ಅವರು ನಾಲ್ವರು. ಒಟ್ಟು ಎಂಟು ಎಲೆ. ಎಂಟು ಎಲೆಗೆ ನಮ್ಮಮ್ಮ ಒಂದು ಕಿಲೊ ಕಡಲೆಬೇಳೆ, ಒಂದು ಕಿಲೊ ಬೆಲ್ಲ ಹಾಕಿ ಹೂರಣ ರುಬ್ಬಿಸಿದಳು. ಅವಳಿಗೆ ಆಗ ಎಂಬತ್ತೊಂದು ವರ್ಷ. ತಂದೆಯವರು ತೀರಿಕೊಂಡ ಮೇಲೆ ಹಾಸನದ ಕಡೆಯ ಊರು ಬಿಟ್ಟು ನಮ್ಮ ಜೊತೆ ಬಂದು ನಾಲ್ಕು ವರ್ಷವಾಗಿತ್ತು. ಮುಂಬಯಿಯಲ್ಲಿ ಅವಳ ರಾಜ್ಯವೆಂದರೆ ಹತ್ತಡಿ ಉದ್ದದ ಅಡಿಗೆಮನೆ. ಅದೂ ಹಬ್ಬದ ದಿನ ಮಾತ್ರ. ಆ ದಿನ ನನ್ನ ಹೆಂಡತಿ ಸಹ ಅಲ್ಲಿ ಸಹಾಯಕ ಮಂತ್ರಿಯೇ ಹೊರತು ದೊರೆಯಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಅಣ್ಣ ಫೋನು ಮಾಡಿದ. ಚಿಕ್ಕ ಮಗುವಿಗೆ ರಾತ್ರಿಯಿಂದ ಜ್ವರ; ಬರುವುದಕ್ಕಾಗುವುದಿಲ್ಲ. ಅಮ್ಮ “ಮಗೂನ ನೋಡ್ಕೊಳ್ಳಪ್ಪ, ಹಬ್ಬ ಎಲ್ಲಿಗೆ ಹೋಗುತ್ತೆ” ಎಂದಳು. ಫೋನು ಕೆಳಗಿಟ್ಟು ಮತ್ತೆ ಕಣಕ ನಾದುವುದಕ್ಕೆ ಕುಳಿತಳು. ಅಷ್ಟು ಹೊತ್ತಿಗೆ ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ, ಹೆಸರುಬೇಳೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ದೊಡ್ಡ ಪಾತ್ರೆಯ ತುಂಬ ಒಬ್ಬಟ್ಟಿನ ಸಾರು ಎಲ್ಲ ಸಿದ್ಧವಾಗಿದ್ದವು. ನಾಲ್ವರು ಕುಳಿತು ಎಂಟು ಜನರ ಅಡಿಗೆಯನ್ನು ಎದುರಿಸಿದೆವು. ಹದಿನಾಲ್ಕು ಒಬ್ಬಟ್ಟಿಗೆ ಸೈನ್ಯ ಶರಣಾಗತವಾಯಿತು. ನನ್ನ ಮಗಳಂತೂ ಒಂದನ್ನು ತಿಂದು, “ಅಜ್ಜಿ, ತುಂಬ ಸ್ವೀಟು” ಎಂದು ಎಲೆಯಿಂದ ಎದ್ದುಬಿಟ್ಟಳು. ಅಮ್ಮ ಏನೂ ಹೇಳಲಿಲ್ಲ. ಹೇಳಿದವನು ನಾನು. “ಇಷ್ಟೊಂದು ಯಾಕಮ್ಮ ಮಾಡ್ತೀಯ? ಪ್ರತಿ ಹಬ್ಬಕ್ಕೂ ಇದೇ ಕತೆ. ಎಲ್ಲ ದಂಡ!”

ಇದು ನಾನು ವರ್ಷ ವರ್ಷವೂ ಹೇಳುತ್ತಿದ್ದ ಮಾತು. ಹೊಸ ಪಂಚಾಂಗದ ಜೊತೆಗೆ ಇದನ್ನೂ ಓದಿಬಿಡುತ್ತಿದ್ದೆ. ಅಮ್ಮ ಎಂದಿನಂತೆ ಸೆರಗಿನಿಂದ ಕೈ ಒರಸಿಕೊಂಡಳು. ನಾವೆಲ್ಲ ಎದ್ದ ಮೇಲೆ ಒಬ್ಬಳೇ ಊಟಕ್ಕೆ ಕುಳಿತಳು.

ಸಂಜೆ ಚಂದ್ರನನ್ನು ನೋಡುವುದಕ್ಕೆ ಮಹಡಿಯ ಮೇಲೆ ಹೋದೆವು. ಯುಗಾದಿ ಚಂದ್ರನನ್ನು ನೋಡದಿದ್ದರೆ ಅಮ್ಮನಿಗೆ ಹಬ್ಬ ಮುಗಿಯುವುದಿಲ್ಲ. ಅಲ್ಲಿ ನೋಡಿದರೆ ನಮಗಿಂತ ಮೊದಲೇ ಎದುರು ಮನೆಯವರು ಬಂದು ನಿಂತಿದ್ದಾರೆ. ಅವರು ಮುಸಲ್ಮಾನರು. ಅವರಿಗೂ ಅದೇ ಚಂದ್ರ ಬೇಕಾಗಿತ್ತು. ಕಂಡರೆ ಮಾರನೆಯ ದಿನ ಈದ್. ಪಡುವಣದಲ್ಲಿ ಉಗುರಿನ ಚೂರಿನಂತೆ ಅವನು ಕಾಣಿಸಿಕೊಂಡ. ಅಮ್ಮ ಕೈಮುಗಿದಳು. ಎದುರು ಮನೆಯಾಕೆ ಅಂಗೈ ತೆರೆದು ಪ್ರಾರ್ಥಿಸಿದಳು. ಇಷ್ಟು ಮಂದಿಯ ಭಾರ ಹೊರುವುದಕ್ಕೆ ಅಷ್ಟು ಸಣ್ಣ ಚಂದ್ರ!

ರಾತ್ರಿ ಮಿಕ್ಕ ಅಡಿಗೆ ಫ್ರಿಜ್ಜಿಗೆ ಹೋಯಿತು. ಅಮ್ಮ ಅದನ್ನು ‘ತಂಗಳು ಪೆಟ್ಟಿಗೆ’ ಎಂದೇ ಕರೆಯುವುದು. ವಾಚಕರಲ್ಲಿ ಹಲವರ ಮನೆಯಲ್ಲಿ ಈ ಹೆಸರು ಬಳಕೆಯಲ್ಲಿರಬಹುದು. ಹೆಸರಿನಲ್ಲಿ ತಿರಸ್ಕಾರವಿದೆ, ಆದರೆ ಆ ತಿರಸ್ಕಾರಕ್ಕೆ ಕಾರಣವೂ ಇದೆ. ಬೇಯಿಸಿದರೂ ಸಾಯದ ಸೂಕ್ಷ್ಮಾಣುಗಳ ಬೀಜ ಅನ್ನದಲ್ಲಿ ಉಳಿದಿರುತ್ತದೆ. ಅನ್ನವನ್ನು ಬೆಚ್ಚಗೆ ಹೊರಗಿಟ್ಟರೆ ಅವು ಮೊಳೆತು ವಿಷ ಕಾರುತ್ತವೆ. ಆಮೇಲೆ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಕಾಯಿತುರಿ ಬಿದ್ದ ಕೋಸಂಬರಿಯೂ ಮುಂಬಯಿಯ ಸೆಕೆಗೆ ಸಂಜೆಯೊಳಗೆ ಹುಳಿಯುತ್ತದೆ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ತಣ್ಣಗಿಡಬೇಕು, ತಿನ್ನುವಾಗ ಹಬೆಯಾಡುವಂತೆ ಬಿಸಿಮಾಡಬೇಕು ಎಂದು ಇಂದಿನವರು ಹೇಳುತ್ತಾರೆ. ಪೆಟ್ಟಿಗೆ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ತಂಗಳನ್ನೇ ದೂರ ಇಟ್ಟರು. ನಾನು ಆ ದಿನ ಚಿತ್ರಾನ್ನವನ್ನು ಊಟವಾದ ಕೂಡಲೇ ಒಳಗಿಟ್ಟಿದ್ದೆ. ಮನೆಯ ಯಜಮಾನ ಮಾಡಿದ ಕೆಲಸ ಅಷ್ಟೇ ಎಂದು ನನ್ನ ಹೆಂಡತಿ ಸಾಕ್ಷಿ ಹೇಳಬಲ್ಲಳು.

ಮಾರನೆಯ ದಿನ ಸೋಮವಾರ. ಈದಿನ ರಜ, ಶಾಲೆಯಿಲ್ಲ, ಕಚೇರಿಯಿಲ್ಲ. ಡಬ್ಬಿಗಳು ಸಾಲಾಗಿ ಕುಳಿತವು. ನಾನು ಪತ್ರಿಕೆ ಹಿಡಿದೆ. ಆಗ ನನ್ನ ಮಗಳು ತಂಗಳು ಪೆಟ್ಟಿಗೆಯ ಬಾಗಿಲು ತೆಗೆದು, ಸೊಂಟದ ಮೇಲೆ ಕೈಯಿಟ್ಟು, ಸೇನಾಪತಿಯಂತೆ ಒಳಗೆಲ್ಲ ನೋಡಿ, “ಅಮ್ಮ, ನಾನು ಇದನ್ನೆಲ್ಲ ಪಾವ್ ಒಳಗೆ ಹಾಕಿ ಬೇಕ್ ಮಾಡ್ತೀನಿ” ಎಂದಳು. ಅವಳಿಗೆ ಹದಿನೈದು ವರ್ಷ. ಅವಳ ಕನ್ನಡ ಮುಂಬಯಿ ಲೋಕಲ್ ಗಾಡಿಯಂತೆ. ಮರಾಠಿ, ಹಿಂದಿ, ಇಂಗ್ಲಿಷು ಯಾರು ಬೇಕಾದರೂ ಯಾವ ನಿಲ್ದಾಣದಲ್ಲಾದರೂ ಹತ್ತಿಕೊಳ್ಳಬಹುದು.

ಅಮ್ಮ ಮೂಲೆಯಿಂದ, “ಬ್ರೆಡ್ಡೇ? ಯಾರಿಗೆ ಜ್ವರ?” ಎಂದಳು.

ಇದು ಹಾಸ್ಯವಲ್ಲ. ನಮ್ಮ ಊರಿನಲ್ಲಿ ಬ್ರೆಡ್ಡೆಂದರೆ ಪಥ್ಯ. ಡಾಕ್ಟರು ಬರೆದುಕೊಟ್ಟರೆ ಪೇಟೆಯಿಂದ ತರುತ್ತಿದ್ದರು. ಹಾಲಿನಲ್ಲಿ ಅದ್ದಿ ಕೊಡುತ್ತಿದ್ದರು. ಬ್ರೆಡ್ಡು ಕೈಯಲ್ಲಿ ಹಿಡಿದು ಬೀದಿಯಲ್ಲಿ ಬಂದರೆ “ಮನೇಲಿ ಯಾರಿಗೆ ಹುಷಾರಿಲ್ಲ?” ಎಂದು ಹತ್ತು ಮಂದಿ ಕೇಳುತ್ತಿದ್ದರು. ಹಿಟ್ಟು ಯಾರು ನಾದಿದರೋ, ಏನು ಹಾಕಿದರೋ ಎಂಬ ಅನುಮಾನ ಬೇರೆ. ಆ ಅನುಮಾನವನ್ನು ಕಳೆದವರು ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರು. ಅವರಲ್ಲಿ ಬಹುಮಂದಿ ನಮ್ಮ ಹಾಸನದ ಕಡೆಯಿಂದ ಹೋದವರೇ ಎಂಬುದು ನಮಗೆ ಸ್ವಲ್ಪ ಹೆಮ್ಮೆಯ ಸಂಗತಿ. ಅವರ ದಿಲ್‌ಪಸಂದ್ ಎಂದರೇನು? ಕಣಕದ ಬದಲು ಬೇಕರಿಯ ಹಿಟ್ಟು. ಹೂರಣದ ಬದಲು ಸಿಹಿ ಕೊಬ್ಬರಿ. ಕಾವಲಿಯ ಬದಲು ಭಟ್ಟಿ. ಒಬ್ಬಟ್ಟಿನ ದಾಯಾದಿ ಎನ್ನಬಹುದು.

ಅಮ್ಮನನ್ನು ಒಪ್ಪಿಸಲು ನಾನು ಇತಿಹಾಸಕ್ಕೆ ಕೈಹಾಕಿದೆ. ಪಾವು ಪೋರ್ಚುಗೀಸರ ಮಾತು. ಅವರು ಗೋವೆಗೆ ತಂದ ರೊಟ್ಟಿ. ಅದೇ ಕಾಲದಲ್ಲಿ ಸಮುದ್ರ ದಾಟಿ ಬಂದದ್ದು ಮೆಣಸಿನಕಾಯಿ. ಆಲೂಗಡ್ಡೆಯೂ ಅಮೆರಿಕ ಖಂಡದ್ದೇ. ನಿನ್ನೆ ನೀನು ಮಾಡಿದ ಆಲೂಗಡ್ಡೆ ಪಲ್ಯದಲ್ಲಿ ಗಡ್ಡೆಯೂ ಪರದೇಶಿ, ಮೆಣಸಿನಕಾಯಿಯೂ ಪರದೇಶಿ. ಪಾವನ್ನು ಮಾತ್ರ ಯಾಕೆ ಹೊರಗೆ ನಿಲ್ಲಿಸುತ್ತೀಯ ಎಂದೆ. ಅಮ್ಮ ಸ್ವಲ್ಪವೂ ವಿಚಲಿತಳಾಗಲಿಲ್ಲ. “ಅದಕ್ಕೇ ಕಣೋ ತಿಥಿ ಅಡಿಗೆಗೆ ಮೆಣಸಿನಕಾಯಿ ಹಾಕೋದಿಲ್ಲ, ಮೆಣಸು ಹಾಕ್ತೀವಿ. ಆಲೂಗಡ್ಡೆ ಒಳಗೇ ಬಿಡೋದಿಲ್ಲ. ಪಿತೃಗಳಿಗೆ ಗೊತ್ತು” ಎಂದಳು. ಸ್ಯಾಂಡ್‌ವಿಚ್ ಎಂಬ ಹೆಸರಿನ ಕತೆಯನ್ನೂ ಹೇಳಿದೆ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ನಾಲ್ಕನೆಯ ಅರ್ಲ್ ಜಾನ್ ಮಾಂಟೆಗ್ಯು (1718–1792) ಇಸ್ಪೀಟಿನ ಮೇಜು ಬಿಟ್ಟು ಏಳಲಾರದೆ ರೊಟ್ಟಿಯ ನಡುವೆ ಮಾಂಸವಿಟ್ಟು ತರಿಸಿಕೊಂಡನಂತೆ. 1762ರಲ್ಲಿ ಇತಿಹಾಸಕಾರ ಗಿಬ್ಬನ್ ತನ್ನ ದಿನಚರಿಯಲ್ಲಿ ಆ ಮಾತನ್ನು ಬರೆದಿಟ್ಟ. ಅಮ್ಮ, “ಇಸ್ಪೀಟು ಆಡೋರಿಗೆ ಮಾಡಿದ್ದು ಅಂತ ನನಗೆ ಮೊದಲೇ ಅನ್ನಿಸ್ತು” ಎಂದಳು. ನಾನು ಪತ್ರಿಕೆಗೆ ಹಿಂತಿರುಗಿದೆ.

ಮಗಳು ಮಾಡಿದ ವಿಧಾನವನ್ನು ಗೃಹಿಣಿಯರ ಉಪಯೋಗಕ್ಕಾಗಿ ಇಲ್ಲಿ ಹೇಳಿಬಿಡುತ್ತೇನೆ. ಕೆಳಗಿನ ಅಂಗಡಿಯಿಂದ ಒಂದಕ್ಕೊಂದು ಅಂಟಿಕೊಂಡಿರುವ ಪಾವಿನ ಎರಡು ಲಾದಿ ತಂದಳು. ಬಿಡಿಸದೆ, ಇಡೀ ಲಾದಿಯನ್ನು ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಸೀಳಿದಳು. ಕೆಳಗೊಂದು ಹಾಸಿಗೆ, ಮೇಲೊಂದು ಹೊದಿಕೆ. ಪುಟ್ಟ ವಿದ್ಯುತ್ ಒಲೆಯನ್ನು 180 ಡಿಗ್ರಿಗೆ ಕಾಯಲು ಬಿಟ್ಟು, ಕೆಳಗಿನ ಹಾಸಿಗೆಗೆ ತುಪ್ಪ ಸವರಿ ನಾಲ್ಕು ನಿಮಿಷ ಬರಿದೇ ಸುಟ್ಟಳು. ಈ ನಾಲ್ಕು ನಿಮಿಷವೇ ಗುಟ್ಟು. ಇಲ್ಲದಿದ್ದರೆ ಪಲ್ಯದ ನೀರು ಕುಡಿದು ಪಾವು ಮುದ್ದೆಯಾಗುತ್ತದೆ. ಅದರ ಮೇಲೆ ಆಲೂಗಡ್ಡೆ ಪಲ್ಯ. ಅದರ ಮೇಲೆ ಹುರುಳಿಕಾಯಿ ಪಲ್ಯ. ಅದರ ಮೇಲೆ ಅಂಗೈಯಲ್ಲಿ ಒತ್ತಿ ನೀರು ಹಿಂಡಿದ ಕೋಸಂಬರಿ. ಕೋಸಂಬರಿ ರಾತ್ರಿಯೆಲ್ಲ ತಣ್ಣಗಿದ್ದುದರಿಂದ ಕೆಟ್ಟಿರಲಿಲ್ಲ; ಮೂಸಿ ನೋಡಿ ಹಾಕಿದ್ದು. ಸ್ವಲ್ಪ ಚೀಸನ್ನೂ ತುರಿದಳು. ಹೊದಿಕೆ ಮುಚ್ಚಿ, ಮೇಲೆ ತುಪ್ಪ ಸವರಿ, ಬೆಳ್ಳಿಕಾಗದ ಸುತ್ತಿ ಹತ್ತು ನಿಮಿಷ. ಕಾಗದ ತೆಗೆದು ಇನ್ನು ಐದು ನಿಮಿಷ. ಅಷ್ಟೇ.

ಎರಡನೆಯ ಲಾದಿಗೆ ಹೂರಣ. ತಣ್ಣಗಾದ ಹೂರಣ ಇಟ್ಟಿಗೆಯಂತಾಗಿರುತ್ತದೆ. ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಕಲಸಿದರೆ ಮೆತ್ತಗಾಗುತ್ತದೆ. ಅರ್ಧ ಬೆರಳು ದಪ್ಪ ಹರಡಿ, ಮೇಲೆ ತುಪ್ಪ, ಹಾಲು ಸವರಿ ಹಾಗೆಯೇ ಸುಡುವುದು. ಹಿಂದಿನ ದಿನದ ಪಾವಾದರೂ ಚಿಂತೆಯಿಲ್ಲ. ಪಾವು ಗಟ್ಟಿಯಾಗುವುದು ಬರಿಯ ನೀರಾರಿ ಅಲ್ಲ. ಒಳಗಿನ ಪಿಷ್ಟ ಮತ್ತೆ ಹರಳುಗಟ್ಟಿ ಬಿಗಿದುಕೊಳ್ಳುವುದರಿಂದ. ತಂಗಳು ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಬೇಗ ಬಿಗಿಯುತ್ತದೆ. ಸುಮಾರು ಅರವತ್ತು ಡಿಗ್ರಿ ದಾಟುವ ಹಾಗೆ ಬಿಸಿ ತಾಕಿದರೆ ಬಿಗಿ ಸಡಿಲಿ ಮತ್ತೆ ಮೆತ್ತಗಾಗುತ್ತದೆ.

ಇಷ್ಟರಲ್ಲಿ ಎದುರು ಮನೆಯಿಂದ ಶೀರ್ ಖುರ್ಮಾ ಬಂತು. ಶ್ಯಾವಿಗೆ, ಹಾಲು, ಖರ್ಜೂರ, ಬಾದಾಮಿ. ಅಮ್ಮ ಬಂದ ಮೊದಲ ವರ್ಷ ಅದನ್ನು ಮುಟ್ಟಲಿಲ್ಲ. ಎರಡನೆಯ ವರ್ಷ “ನಮ್ಮ ಶ್ಯಾವಿಗೆ ಪಾಯಸಾನೇ ತಾನೆ” ಎಂದು ಒಂದು ಚಮಚ ಕುಡಿದಳು. ಈಗ ತನ್ನ ಬಟ್ಟಲನ್ನು ತಾನೇ ಮುಂದಕ್ಕೆ ಸರಿಸುತ್ತಾಳೆ. ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಹಾಗಿಲ್ಲವಷ್ಟೆ. ಮಗಳು ಒಲೆಯಿಂದ ಹೂರಣದ ಪಾವು ತೆಗೆದು, “ಇದನ್ನೇ ಕೊಡೋಣ” ಎಂದಳು. ಅಮ್ಮ ಥಟ್ಟನೆ ಎದ್ದು ನಿಂತಳು.

“ಬೇಡ ಕಣೇ. ಕೊಡೋದಕ್ಕೆ ಹೊಸದಾಗಬೇಕು. ಅವರ ಮನೇಲಿ ಹಬ್ಬ ಇವತ್ತು. ಹೂರಣ ಬೇಕಾದಷ್ಟಿದೆ, ಚೂರು ಕಣಕ ಕಲಸಿ ಆರು ಒಬ್ಬಟ್ಟು ತಟ್ಟಿಕೊಡ್ತೀನಿ. ಮಿಕ್ಕಿದ್ದು ನಮಗೆ.”

ಮಂಡಿನೋವಿನ ಹೆಂಗಸು ಗ್ಯಾಸಿನ ಮುಂದೆ ನಿಂತು ಆರು ಒಬ್ಬಟ್ಟು ಬೇಯಿಸಿದಳು. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು ಕೇಳಿದಳು: “ಅಜ್ಜಿ, ಯಾವಾಗ್ಲೂ ಬೇರೆಯವರಿಗೆ ಹೊಸದು, ನಿಂಗೆ ಮಿಕ್ಕಿದ್ದು. ಯಾಕೆ?”

ನಾನು ಐವತ್ತು ವರ್ಷಗಳಲ್ಲಿ ಕೇಳದ ಪ್ರಶ್ನೆ ಅದು. ಅಮ್ಮ ಒಬ್ಬಟ್ಟನ್ನು ಮಗುಚಿ ಹಾಕುತ್ತ, ಮಳೆಬೆಳೆಯ ಮಾತಾಡುವ ದನಿಯಲ್ಲಿ ಹೇಳಿದಳು:

“ನಾನು ಮದುವೆಯಾಗಿ ಬಂದಾಗ ನನಗೆ ಹದಿನೇಳು. ಮನೇಲಿ ಇಪ್ಪತ್ತೆರಡು ಜನ. ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಅತ್ತೆಯವರು, ಕೊನೇಲಿ ಸೊಸೆಯರು ಮೂವರು. ನಾನೇ ಚಿಕ್ಕೋಳು. ಮೊದಲನೇ ಯುಗಾದಿ ದಿನ ಎರಡು ಗಾಡಿ ನೆಂಟರು ಹೇಳದೆ ಬಂದ್ರು. ಸೌದೆ ಒಲೆ ಮುಂದೆ ಕೂತು ತಟ್ಟಿದ್ದೇ ತಟ್ಟಿದ್ದು, ನೂರರ ಮೇಲಾಗಿತ್ತು. ನನ್ನೆಲೆ ಹಾಕೋ ಹೊತ್ತಿಗೆ ಅನ್ನ, ಸಾರು ಇತ್ತು. ಒಬ್ಬಟ್ಟು ಒಂದೂ ಇರಲಿಲ್ಲ. ಕೈಯೆಲ್ಲ ಏಲಕ್ಕಿ, ಬೆಲ್ಲದ ವಾಸನೆ. ಅದನ್ನೇ ಮೂಸ್ಕೊಂಡು ಊಟ ಮಾಡಿದೆ.”

“ಯಾರೂ ನೋಡ್ಲಿಲ್ವಾ?” ಎಂದಳು ಮಗಳು.

“ಅತ್ತೆಯವರು ನೋಡಿದ್ರು. ಅವರೂ ತಿಂದಿರಲಿಲ್ಲ. ಯಾರನ್ನ ಬೈಯೋದು? ಆವತ್ತೇ ಅಂದ್ಕೊಂಡೆ, ನನ್ನ ಕೈಗೆ ಸೌಟು ಬಂದ ದಿನ ಮಿಕ್ಕೋ ಹಾಗೇ ಮಾಡ್ತೀನಿ ಅಂತ. ಮಿಕ್ಕಿದ್ರೆ ತಾನೇ ಕೊನೇಲಿ ಕೂತವಳಿಗೆ ಸಿಕ್ಕೋದು.”

ಅದು 1961ರ ಯುಗಾದಿಯಾಗಿರಬೇಕು, ನಾನಿನ್ನೂ ಹುಟ್ಟಿರಲಿಲ್ಲ. ಪತ್ರಿಕೆ ನನ್ನ ಕೈಯಲ್ಲಿಯೇ ಇತ್ತು, ಓದುತ್ತಿದ್ದೆನೆಂದು ಹೇಳಲಾರೆ. ‘ದಂಡ’ ಎಂದು ನಿನ್ನೆ ನಾನು ಆಡಿದ ಮಾತು, ಅದರ ಹಿಂದೆ ವರ್ಷ ವರ್ಷವೂ ಆಡಿದ ಮಾತು, ಎಲ್ಲವೂ ಸಾಲಾಗಿ ಎದುರು ಬಂದು ಕುಳಿತವು. ಲೆಕ್ಕಪತ್ರ ನೋಡಿ ಹೊಟ್ಟೆ ಹೊರೆದವನು ನಾನು. ಎಂಟು ಜನಕ್ಕೆ ಎಷ್ಟು ಬೇಳೆ ಎಂದು ಕಾಗದದ ಮೇಲೆ ತೋರಿಸಬಲ್ಲೆ. ಅಮ್ಮನ ಲೆಕ್ಕದಲ್ಲಿ ಒಂಬತ್ತನೆಯ ಎಲೆಯೊಂದು ಯಾವಾಗಲೂ ಇತ್ತು. ಅದು ಹದಿನೇಳು ವರ್ಷದ ಹುಡುಗಿಯದು. ನನ್ನ ಲೆಕ್ಕಕ್ಕೆ ಅದು ಸಿಕ್ಕಿಯೇ ಇರಲಿಲ್ಲ.

ಮಗಳು ಕಾವಲಿಯ ಮೇಲಿನ ಕೊನೆಯ ಒಬ್ಬಟ್ಟನ್ನು ತಟ್ಟೆಗೆ ಹಾಕಿ, ತುಪ್ಪ ಸವರಿ ಅಮ್ಮನ ಕೈಗೆ ಕೊಟ್ಟಳು. “ಇದು ಹೊಸದು. ಅವರಿಗೆ ಐದು ಸಾಕು.” ಅಮ್ಮ “ಐದು ಕೊಡಬಾರದು ಅಂತೇನಿಲ್ಲ” ಎಂದು ಗೊಣಗಿ, ನಿಂತಲ್ಲಿಯೇ ತಿಂದಳು. ನಾವೆಲ್ಲ ತಿನ್ನುವ ಮೊದಲು ಅವಳು ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ನಾವು ನಾಲ್ವರೂ ಒಟ್ಟಿಗೆ ಮೇಜಿನ ಸುತ್ತ ಕುಳಿತೆವು. ಲಾದಿಯನ್ನು ಮಧ್ಯದಲ್ಲಿಟ್ಟುಕೊಂಡು ಒಬ್ಬೊಬ್ಬರೂ ಕಿತ್ತುಕೊಂಡೆವು. ಬಡಿಸುವವರೇ ಇಲ್ಲದ ಊಟ; ಆದ್ದರಿಂದ ಕೊನೆಯಲ್ಲಿ ಉಣ್ಣುವವರೂ ಇರಲಿಲ್ಲ. ಮೇಲೆ ಗರಿಗರಿ, ಒಳಗೆ ಹಬೆ. ಕೋಸಂಬರಿಯ ಬೇಳೆ ಹಲ್ಲಿಗೆ ಸಿಕ್ಕಿ ಕಟುಕು ಎನ್ನುತ್ತಿತ್ತು. ಒಬ್ಬಟ್ಟಿನ ಸಾರನ್ನು ಕುದಿಸಿ ಲೋಟಗಳಿಗೆ ಹಾಕಿಕೊಟ್ಟದ್ದು ನನ್ನ ಹೆಂಡತಿಯ ಬುದ್ಧಿ. ಮುಂಬಯಿಯವರು ಉಸಳಿಗೆ ಪಾವು ಅದ್ದುವಂತೆ ನಾವು ಒಬ್ಬಟ್ಟಿನ ಸಾರಿಗೆ ಅದ್ದಿದೆವು. ಸಾರು ಎರಡನೆಯ ದಿನಕ್ಕೆ ರುಚಿ ಹೆಚ್ಚು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾದ ಮಾತಲ್ಲ. ಅಮ್ಮ ಮೊದಲು ತುದಿಯನ್ನು ಮುರಿದು ಅದ್ದಿದಳು. ಆಮೇಲೆ ಇಡೀ ಪಾವು ಎತ್ತಿಕೊಂಡಳು.

“ಹೇಗಿದೆ ಅತ್ತೆ?” ಎಂದಳು ನನ್ನ ಹೆಂಡತಿ.

“ಜ್ವರ ಇಲ್ಲದೆಯೂ ತಿನ್ನಬಹುದು” ಎಂದಳು ಅಮ್ಮ.

ಹಿಂದಿನ ದಿನ “ತುಂಬ ಸ್ವೀಟು” ಎಂದಿದ್ದ ಮಗಳು ಹೂರಣದ ಪಾವು ಮೂರು ತಿಂದಳು. ಇನ್ನೂ ಮಿಕ್ಕ ಹೂರಣವನ್ನು ತಂಗಳು ಪೆಟ್ಟಿಗೆಯ ಹಿಮದ ಅರೆಗೆ ಸೇರಿಸಿ, ಮುಂದಿನ ವಾರ ಅಣ್ಣನ ಮಕ್ಕಳು ಬಂದಾಗ ಹೊರಗೆ ತೆಗೆದೆವು. ಚಿತ್ರಾನ್ನ ಮಾತ್ರ ಯಾರಿಗೂ ಬೇಡವಾಗಿ ಯಜಮಾನನ ಪಾಲಿಗೆ ಬಂತು. ಬಾಣಲೆಯಲ್ಲಿ ಹಬೆಯೇಳುವಂತೆ ಬಿಸಿಮಾಡಿಕೊಂಡು ಮಾತಿಲ್ಲದೆ ತಿಂದೆ.

ಅಮ್ಮ ಅಳತೆ ಕಡಮೆ ಮಾಡಿದಳೇ ಎಂದು ನೀವು ಕೇಳಬಹುದು. ಇಲ್ಲ. ಅದೇ ಆಗಸ್ಟಿನಲ್ಲಿ ಗಣೇಶನ ಹಬ್ಬಕ್ಕೆ ಇಡೀ ಮಹಡಿಗೆ ಸಾಕಾಗುವಷ್ಟು ಕಡುಬು ಮಾಡಿದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಹಿಂದಿನ ದಿನವೇ ಹೋಗಿ ಎರಡು ಲಾದಿ ಪಾವು ತಂದಿಟ್ಟೆ. ಹಬ್ಬದ ಊಟಕ್ಕೆ ಎಲೆ ಹಾಕುವ ಮೊದಲೇ ಮಗಳು ಎರಡು ಕಡುಬು ಎತ್ತಿ ಒಂದು ಡಬ್ಬಿಗೆ ಹಾಕಿ, ಕಾಗದದ ಚೀಟಿ ಅಂಟಿಸಿ, ಮೇಲಿನ ಗೂಡಿನಲ್ಲಿಟ್ಟಳು. ಚೀಟಿಯ ಮೇಲೆ ಅವಳು ಕನ್ನಡದಲ್ಲಿ ಬರೆದಿದ್ದಳು: ‘ಅಜಿ ಪಾಲು’.

ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿದಳು. ಬಹಳ ಹೊತ್ತು ಓದಿದಳು. ಆಮೇಲೆ, “ಅಜ್ಜಿಯ ಒತ್ತು ಎಲ್ಲಿ ಹೋಯ್ತೇ? ಅದನ್ನ ತಿದ್ದು. ತಿದ್ದಿದರೆ ಒಂದು ಕಡುಬು ನಿನಗೆ” ಎಂದಳು.

ಮಗಳು ಪೆನ್ನು ತಂದು ಒತ್ತು ಹಾಕಿದಳು. ಕಡುಬು ತಿಂದಳು. ಡಬ್ಬಿಯಲ್ಲಿ ಇನ್ನೊಂದು ಇತ್ತು.